ನನ್ನ ಫೋಟೋ ಯಾಕ ಹಾಕ್ಯಾರ್ರಿ ಮೇಡಂ?

ಕಾಲೇಜುಗಳ ಗುಣಮಟ್ಟ ನೋಡಿ ಗ್ರೇಡ್ ಕೊಡುವ ನ್ಯಾಕ್ ತಂಡ ನಮ್ಮ ಕಾಲೇಜಿಗೆ ಬರುವ ಮುಂಚಿನ ಹದಿನೈದು ದಿನ ನಾವ್ಯಾರೂ ಹೊತ್ತಿಗೆ ಸರಿಯಾಗಿ ಮನೆ ಸೇರಿರಲಿಲ್ಲ. ಸಣ್ಣ ಕಾಲೇಜು. ಮುನ್ನೂರು ಚಿಲ್ಲರೆ ಮಕ್ಕಳು. ಸರ್-ಮೇಡಂ ಎಲ್ಲ ಸೇರಿ ಹದಿಮೂರು ಜನ, ಇಬ್ಬರು ಕ್ಲರ್ಕ್, ಒಬ್ಬ ಸಿಪಾಯಿ. ಬೆಳಗಾವಿ-ಖಾನಾಪುರ ರಸ್ತೆಯ ಆಚೀಚೆ ಊರುಗಳಿಂದ ಬರುವ ಮಕ್ಕಳೇ ಜಾಸ್ತಿ. ನಾನು ಕನ್ನಡ ಪಾಠ ಮಾಡುತ್ತೇನೆ, ಎನ್ನೆಸ್ಸೆಸ್ ಕೂಡ ನನ್ನದೇ. ನ್ಯಾಕ್‌ನ ಏಳನೇ ಕ್ರೈಟೀರಿಯಾ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕಾಲೇಜಿನ ಮೌಲ್ಯಗಳೇನು, ಬೇರೆ ಬೇರೆ ಜಾತಿ, ಭಾಷೆ, ಧರ್ಮದ ಮಕ್ಕಳನ್ನು ಹೇಗೆ ಒಟ್ಟಿಗೆ ಕರೆದುಕೊಂಡು ಹೋಗುತ್ತೀರಿ, ಇದನ್ನೆಲ್ಲ ಬರೆಯುವ ಭಾಗ ಅದು. ನಮ್ಮಲ್ಲಿ ಎಲ್ಲರೂ ಒಂದೇ ಮನೆಯವರಂತೆ ಇದ್ದೇವೆ ಅಂತ ಬರೆದೆ. ಬರೆಯುವಾಗ ಸುಳ್ಳು ಬರೆಯುತ್ತಿದ್ದೇನೆ ಅಂತ ಒಂದು ಕ್ಷಣವೂ ಅನ್ನಿಸಿರಲಿಲ್ಲ.

ಗೇಟಿನ ಹತ್ತಿರ ದೊಡ್ಡ ಫ್ಲೆಕ್ಸ್ ಕಟ್ಟಿದ್ದೆವು. ಮೂರು ಫೋಟೋ. ಒಂದು ಕಾಲೇಜು ಕಟ್ಟಡದ್ದು, ಒಂದು ಲೈಬ್ರರಿಯದ್ದು, ನಡುವೆ ದೊಡ್ಡದಾಗಿ ಬಿ.ಕಾಂ. ಎರಡನೇ ವರ್ಷದ ಒಬ್ಬ ಹುಡುಗಿಯದ್ದು. ಎನ್ನೆಸ್ಸೆಸ್ ಟೋಪಿ ಹಾಕಿಕೊಂಡು ನಗುತ್ತಿರುವ ಫೋಟೋ. ಅದನ್ನು ಆರಿಸಿದವಳು ನಾನೇ.

ತಂಡ ಬರುವ ಹಿಂದಿನ ಸಂಜೆ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು.

"ಮೇಡಂ, ಒಂದು ಮಾತು ಕೇಳಲೇನ್ರಿ? ನನ್ನ ಫೋಟೋ ಯಾಕ ಹಾಕ್ಯಾರ್ರಿ? ನಾ ರ‍್ಯಾಂಕ್ ಬಂದಿಲ್ಲ. ಆಟದಾಗ ಕಪ್ ತಂದಿಲ್ಲ. ಏನ್ ಮಾಡೇನಂತ ಹಾಕ್ಯಾರ?"

"ಚಂದ ಬಂದದಲ್ಲ, ಅದಕ್ಕ ಹಾಕೀವಿ" ಅಂದೆ. ಅವಳು ಹೂಂ ಅಂದು ಹೋದಳು. ನಂಬಿ ಹೂಂ ಅಂದವಳಂತೆ ಕಾಣಲಿಲ್ಲ. ನಾನು ಹೇಳಿದ್ದು ನಿಜವೂ ಅಲ್ಲ ಅಂತ ಅವಳು ತಿರುಗಿ ಹೋಗುವಾಗಲೇ ನನಗೆ ಗೊತ್ತಾಯಿತು.

ಅವಳು ಸಿದ್ದಿ ಸಮುದಾಯದ ಹುಡುಗಿ. ಲೋಂಡಾ ಕಡೆ ಕಾಡಂಚಿನ ಒಂದು ಊರು. ಅವಳ ಹೆಸರು ಇಲ್ಲಿ ಬರೆಯುವುದಿಲ್ಲ, ಬೇಡ ಅಂತ ಅವಳೇ ಹೇಳಿದ್ದಾಳೆ. ಇದನ್ನು ಹಾಕುವ ಮುಂಚೆ ಅವಳಿಗೆ ಓದಲು ಕೊಟ್ಟೆ. ಎರಡು ಕಡೆ ತಿದ್ದಿಸಿದಳು. ಒಂದು ಕಡೆ ನಾನು "ಪಾಪ" ಅಂತ ಬರೆದಿದ್ದೆ, ಅದನ್ನು ತೆಗೆಸಿದಳು.

ಸಿದ್ದಿಗಳ ಬಗ್ಗೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಶತಮಾನಗಳ ಹಿಂದೆ ಪೋರ್ಚುಗೀಸರು ಆಫ್ರಿಕಾದ ಪೂರ್ವ ಕರಾವಳಿಯಿಂದ ಜನರನ್ನು ಗುಲಾಮರನ್ನಾಗಿ ಹಿಡಿದು ಗೋವಾಕ್ಕೆ ತಂದರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳು ಇವತ್ತು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೊಯಿಡಾ, ನಮ್ಮ ಖಾನಾಪುರ, ಧಾರವಾಡ ಜಿಲ್ಲೆಯ ಕಲಘಟಗಿ ಕಡೆಗೆಲ್ಲ ಇದ್ದಾರೆ. ಹಿಂದೂ ಸಿದ್ದಿಗಳಿದ್ದಾರೆ, ಮುಸ್ಲಿಂ ಸಿದ್ದಿಗಳಿದ್ದಾರೆ, ಕ್ರಿಶ್ಚಿಯನ್ ಸಿದ್ದಿಗಳಿದ್ದಾರೆ. ಕನ್ನಡ, ಕೊಂಕಣಿ, ಮರಾಠಿ ಮೂರೂ ಮಾತಾಡುತ್ತಾರೆ. ಈ ಹುಡುಗಿಯ ಕನ್ನಡ ನನ್ನ ಕ್ಲಾಸಿನ ಬಹಳಷ್ಟು ಮಕ್ಕಳ ಕನ್ನಡಕ್ಕಿಂತ ಚೆನ್ನಾಗಿದೆ.

ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಬೆಳಗಾವಿ, ಧಾರವಾಡ ಜಿಲ್ಲೆಯ ಸಿದ್ದಿಗಳು ಸೇರಿದ್ದು 2020ರಲ್ಲಿ. ನಡುವೆ ಹದಿನೇಳು ವರ್ಷ. ಅವಳ ತಾಯಿಯ ತವರು ಹಳಿಯಾಳದ ಕಡೆ. ಅಂದರೆ ಆ ಹದಿನೇಳು ವರ್ಷ ಸೋದರಮಾವನ ಮಕ್ಕಳು ಎಸ್‌ಟಿ, ಇವರು ಅಲ್ಲ. ನಡುವೆ ಇರುವುದು ಒಂದು ಕಾಡು, ಒಂದು ಜಿಲ್ಲೆಯ ಗಡಿ, ಅಷ್ಟೇ. ಅವಳ ಅಣ್ಣ ಪಿಯುಸಿ ಮುಗಿಸಿ ಓದು ಬಿಟ್ಟ. ಆಗ ಸ್ಕಾಲರ್‌ಶಿಪ್ಪೂ ಇಲ್ಲ, ಹಾಸ್ಟೆಲ್ಲೂ ಇಲ್ಲ. ಇವಳ ಹೊತ್ತಿಗೆ ಸರ್ಟಿಫಿಕೇಟ್ ಸಿಕ್ಕಿತು. "ಅಣ್ಣ ನನಗಿಂತ ಶಾಣ್ಯಾ ಇದ್ದರೀ, ನಾಕೈದು ವರ್ಷ ತಡಾ ಹುಟ್ಟಬೇಕಿತ್ತ" ಅಂದಳು ಒಮ್ಮೆ. ಅದನ್ನು ನಾನು ಮರೆಯಲಾರೆ.

ಈಗ ಫೋಟೋ ವಿಷಯಕ್ಕೆ ಬರುತ್ತೇನೆ. ಆ ರಾತ್ರಿ ಕೂತು ನೆನಪು ಮಾಡಿಕೊಂಡೆ. ಎರಡು ವರ್ಷದಲ್ಲಿ ನಾವು ಅವಳನ್ನು ಯಾವಾಗ್ಯಾವಾಗ ಮುಂದೆ ಕರೆದಿದ್ದೇವೆ? ಗ್ಯಾದರಿಂಗಿನಲ್ಲಿ, ಅಂದರೆ ಕಾಲೇಜಿನ ವಾರ್ಷಿಕೋತ್ಸವದಲ್ಲಿ, "ನಿಮ್ಮ ಡಮಾಮ್ ಕುಣಿತ ಮಾಡು" ಅಂತ ಕರೆದಿದ್ದೇವೆ. ಡಮಾಮ್ ಅಂದರೆ ಸಿದ್ದಿಗಳ ಚರ್ಮವಾದ್ಯ. ಯಾರೋ ಹಿರಿಯ ಅತಿಥಿ ಬಂದಾಗ ಹೂ ಕೊಡಲು ಕರೆದಿದ್ದೇವೆ. ಸ್ಪೋರ್ಟ್ಸ್ ಬಂದಾಗ ಕೇಳದೆಯೇ ಅವಳ ಹೆಸರು 400 ಮೀಟರ್ ಓಟಕ್ಕೆ ಬರೆದಿದ್ದೇವೆ. ಕ್ಲಾಸ್ ರೆಪ್ರೆಸೆಂಟೇಟಿವ್ ಆಗು ಅಂದಿದ್ದೇವಾ? ಇಲ್ಲ. ಸೆಮಿನಾರ್ ಮಾಡು ಅಂದಿದ್ದೇವಾ? ಇಲ್ಲ. ಕಾಮರ್ಸ್ ಅಸೋಸಿಯೇಷನ್‌ಗೆ ಅವಳ ಹೆಸರನ್ನು ಯಾರೂ ಹೇಳಿರಲಿಲ್ಲ. ಅವಳಿಗೆ ಇಷ್ಟವಾದದ್ದು ಅಕೌಂಟ್ಸ್. ಟ್ಯಾಲಿ ಕ್ಲಾಸಿಗೆ ಎಲ್ಲರಿಗಿಂತ ಮೊದಲು ಬಂದು ಕೂರುತ್ತಾಳೆ. ಅದು ಅವಳ ಜೊತೆ ಓದುವವರಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ.

ಓಟದ ವಿಷಯ ಇನ್ನೂ ಹೇಳಬೇಕು. ಆ ವರ್ಷ ಅವಳು ಓಡಿದಳು, ಆರನೆಯವಳಾಗಿ ಬಂದಳು. ನಮ್ಮಲ್ಲಿ ಒಬ್ಬರು "ಅರೇ, ಸಿದ್ದಿ ಆಗಿಯೂ ಹಿಂದ ಬಿದ್ದಳಲ್ಲ" ಅಂದರು. ಅಲ್ಲಿ ನಾನೂ ಇದ್ದೆ. ಏನೂ ಅನ್ನಲಿಲ್ಲ. ಈ ಯೋಚನೆ ನಮ್ಮ ಕಾಲೇಜಿನದಷ್ಟೇ ಅಲ್ಲ, ಹಳೆಯದು. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಅಥ್ಲೆಟಿಕ್ಸ್ ತರಬೇತಿ ಕೊಡುವ ಯೋಜನೆ ನಡೆಸಿತ್ತು. ಕೆಲವರು ರಾಷ್ಟ್ರಮಟ್ಟದಲ್ಲಿ ಮೆಡಲ್ ಗೆದ್ದರು. 1990ರ ದಶಕದ ಮೊದಲಲ್ಲೇ ಯೋಜನೆ ನಿಂತುಹೋಯಿತು, ಮಕ್ಕಳು ಊರಿಗೆ ವಾಪಸ್ ಬಂದರು. ಓಡಲು ಇಷ್ಟ ಇರುವ ಸಿದ್ದಿ ಮಕ್ಕಳಿಗೆ ತರಬೇತಿ ಸಿಗಲೇಬೇಕು, ಇವತ್ತಿಗೂ ಸಿಗಬೇಕು. ಆದರೆ ಮೈಬಣ್ಣ, ಕೂದಲು ನೋಡಿ ಇವರು ಓಡುವುದಕ್ಕೇ ಹುಟ್ಟಿದವರು ಅಂತ ನಾವೇ ತೀರ್ಮಾನ ಮಾಡಿಬಿಟ್ಟರೆ, ಅದೇ ಮೈಬಣ್ಣ ನೋಡಿ ಇವರಿಗೆ ಲೆಕ್ಕ ಬರಲ್ಲ ಅಂತ ತೀರ್ಮಾನ ಮಾಡಿದಂತೆಯೇ ಆಗುತ್ತದೆ, ಬಾಯಿಬಿಟ್ಟು ಹೇಳದಿದ್ದರೂ.

ತಾರತಮ್ಯ ಮಾಡಬಾರದು ಅನ್ನುವ ಸಂವಿಧಾನದ 15ನೇ ವಿಧಿ ಕನ್ನಡದಲ್ಲಿ ಓದುವಾಗ ಜಾತಿಯ ಜೊತೆಗೆ "ಮೂಲವಂಶ", ಅಂದರೆ ಇಂಗ್ಲಿಷಿನ ರೇಸ್, ಅಂತ ಒಂದು ಪದ ಬರುತ್ತದೆ. ಪ್ರತಿ ವರ್ಷ ನವೆಂಬರ್ 26ಕ್ಕೆ ಪೀಠಿಕೆ ಓದಿಸುತ್ತೇವೆ, ಒಮ್ಮೊಮ್ಮೆ ಈ ವಿಧಿಯನ್ನೂ ಹೇಳುತ್ತೇನೆ. ಜಾತಿ ಅನ್ನುವ ಕಡೆ ಧ್ವನಿ ಎತ್ತರಿಸಿ, ಮೂಲವಂಶ ಅನ್ನುವ ಕಡೆ ಸುಮ್ನೆ ದಾಟಿಕೊಂಡು ಹೋಗುತ್ತಿದ್ದೆ. ಅದು ಅಮೆರಿಕದ ವಿಷಯ, ನಮ್ಮದಲ್ಲ ಅನ್ನುವ ಹಾಗೆ. ಆ ಪದ ಮುಟ್ಟುವ ಹುಡುಗಿ ನನ್ನ ಎದುರು ಮೂರನೇ ಬೆಂಚಿನಲ್ಲಿ ಕೂತಿರುತ್ತಿದ್ದಳು.

ಹೆಸರಿನ ಮಾತು. ಹಾಜರಿ ಕರೆಯುವಾಗ ಎಲ್ಲ ಮಕ್ಕಳನ್ನೂ ಹೆಸರು ಹಿಡಿದು ಕರೆಯುತ್ತೇವೆ. ಹೊರಗೆ ಸಿಕ್ಕಾಗಲೂ ಅಷ್ಟೇ. ಇವಳನ್ನು ಮಾತ್ರ ಇಡೀ ಕಾಲೇಜು "ಸಿದ್ದಿ" ಅನ್ನುತ್ತಿತ್ತು. ಸಿಪಾಯಿಯೂ, ಕ್ಲರ್ಕೂ, ಗೆಳತಿಯರೂ, ನಾವೂ. ಅಡ್ಡಹೆಸರು ಅದೇ ಇದೆ, ತಪ್ಪೇನು ಅಂತ ಕೇಳಬಹುದು. ಹಾಗಾದರೆ ಪಾಟೀಲರ ಹುಡುಗಿಯನ್ನು, ಕುಲಕರ್ಣಿಯವರ ಹುಡುಗಿಯನ್ನು ಯಾಕೆ ಹೆಸರು ಹಿಡಿದು ಕರೆಯುತ್ತಿದ್ದೆವು? ಒಬ್ಬರಿಗೆ ಹೆಸರು, ಇನ್ನೊಬ್ಬರಿಗೆ ಜಾತಿ. ಮರುದಿನದಿಂದ ನಾನು ಅವಳನ್ನು ಹೆಸರಿನಿಂದ ಕರೆದೆ. ಮೊದಲ ದಿನ ಅವಳಿಗೇ ತಿಳಿಯಲಿಲ್ಲ, ಇನ್ನೊಂದು ಸಲ ಕರೆದ ಮೇಲೆ ತಿರುಗಿದಳು.

ನ್ಯಾಕ್ ಮುಗಿದ ಮೇಲಿನ ಸ್ಟಾಫ್ ಮೀಟಿಂಗಿನಲ್ಲಿ ಈ ವಿಷಯ ಎತ್ತಿದೆ. ಕೈ ನಡುಗುತ್ತಿತ್ತು, ಯಾಕೆಂದರೆ ಎಲ್ಲರೂ ಒಳ್ಳೆಯವರೇ, ಎಷ್ಟೋ ವರ್ಷದಿಂದ ಜೊತೆಗೆ ಚಹಾ ಕುಡಿದವರು. ಒಬ್ಬ ಹಿರಿಯ ಸರ್ ಹೇಳಿದರು: "ಮೇಡಂ, ಇಷ್ಟು ಸಣ್ಣ ಕಾಲೇಜಿನಾಗ ಜಾತಿ ಎಲ್ಲಿ ಐತ್ರಿ? ನಾವು ಎತ್ತಿದರನ ಅದು ಬರೋದು." ಆ ಮಾತನ್ನು ನಾನು ತುಂಬಾ ಯೋಚಿಸಿದ್ದೇನೆ. ನನ್ನ ಪ್ರಕಾರ ಅದು ತಪ್ಪು. ದೊಡ್ಡ ಕಾಲೇಜಿನಲ್ಲಿ ನೋವಾದ ಮಗು ಬೇರೆ ಗುಂಪು ಹುಡುಕಿಕೊಳ್ಳಬಹುದು, ಬೇರೆ ಕ್ಯಾಂಟೀನಿಗೆ ಹೋಗಬಹುದು. ಮುನ್ನೂರು ಮಕ್ಕಳ ಕಾಲೇಜಿನಲ್ಲಿ ಇರುವುದು ಒಂದೇ ಲೇಡೀಸ್ ರೂಮ್, ಒಂದೇ ನಲ್ಲಿ, ಒಂದೇ ಬಸ್. ಅಲ್ಲಿ ಜಾಗ ಇಲ್ಲ ಅಂದರೆ ಎಲ್ಲೂ ಇಲ್ಲ. ಹಾಗೆಯೇ, ಸರಿ ಮಾಡುವುದೂ ಇಲ್ಲಿ ಸುಲಭ. ಹದಿಮೂರು ಜನ ಒಪ್ಪಿದರೆ ನಾಳೆಯಿಂದಲೇ ಮಾಡಬಹುದು.

ಅವತ್ತು ಪ್ರಿನ್ಸಿಪಾಲರು ವಿಶ್ವವಿದ್ಯಾಲಯ ಧನಸಹಾಯ ಆಯೋಗದ, ಅಂದರೆ ಯುಜಿಸಿಯ, 2012ರ ನಿಯಮ ತರಿಸಿ ಓದಿಸಿದರು. ಸಮಾನತೆಗಾಗಿ ಮಾಡಿದ ನಿಯಮ ಅದು. ಕಾಲೇಜಿನಲ್ಲಿ ಸಮಾನ ಅವಕಾಶ ಕೋಶ ಇರಬೇಕು, ತಾರತಮ್ಯದ ದೂರು ನೋಡಲು ಒಬ್ಬ ಅಧಿಕಾರಿ ಇರಬೇಕು, ದೂರು ಬಂದರೆ 60 ದಿನದೊಳಗೆ ತೀರ್ಮಾನ ಆಗಬೇಕು ಅಂತೆಲ್ಲ ಇದೆ. ನಮ್ಮಲ್ಲೂ ಕೋಶ ಇತ್ತು, ಹೊರಗೆ ಬೋರ್ಡೂ ಇತ್ತು. ಒಂದೂ ದೂರು ಬಂದಿರಲಿಲ್ಲ, ಅದನ್ನೇ ನಾನು ಒಳ್ಳೆಯ ಸುದ್ದಿ ಅಂತ ರಿಪೋರ್ಟಿನಲ್ಲಿ ಬರೆದಿದ್ದೆ. ಆ ನಿಯಮದಲ್ಲೇ ಇನ್ನೊಂದು ಮಾತಿದೆ: ಕ್ಲಾಸಿನಲ್ಲಿ ಮಕ್ಕಳ ಜಾತಿಯನ್ನು ಗಟ್ಟಿಯಾಗಿ ಹೇಳುವುದೂ ತಾರತಮ್ಯವೇ. ಓದುತ್ತಿದ್ದ ಕ್ಲರ್ಕ್ ಅಲ್ಲಿಗೆ ನಿಲ್ಲಿಸಿದರು. ಯಾಕೆಂದರೆ ಪ್ರತಿ ವರ್ಷ ಸ್ಕಾಲರ್‌ಶಿಪ್ ಬಂದಾಗ ಸಿಪಾಯಿ ಕ್ಲಾಸಿನ ಬಾಗಿಲಿಗೆ ಬಂದು "ಎಸ್ಸಿ-ಎಸ್ಟಿ ಇದ್ದವರು ಎದ್ದು ನಿಲ್ರಿ, ಆಫೀಸಿಗೆ ಬರ್ರಿ" ಅನ್ನುತ್ತಿದ್ದ. ನಾನು ಪಾಠ ನಿಲ್ಲಿಸಿ ಕಾಯುತ್ತಿದ್ದೆ. ಎದ್ದು ನಿಲ್ಲುವ ಮಕ್ಕಳ ಮುಖ ನೆಲದ ಕಡೆ. ನೋಟಿಸ್ ಬೋರ್ಡಿನ ಪಟ್ಟಿಯಲ್ಲಿ ಹೆಸರು, ಪಕ್ಕದಲ್ಲಿ ಜಾತಿ, ಪಕ್ಕದಲ್ಲಿ ಅಪ್ಪನ ಆದಾಯ. ಯಾರ ಮನೆಯಲ್ಲಿ ವರ್ಷಕ್ಕೆ ಎಷ್ಟು ಬರುತ್ತದೆ ಅಂತ ಇಡೀ ಕಾಲೇಜು ಓದಬಹುದಿತ್ತು.

ಅದು ನಿಂತಿತು. ಇದಕ್ಕೆ ದುಡ್ಡೂ ಬೇಕಾಗಲಿಲ್ಲ, ಕಮಿಟಿಯೂ ಬೇಕಾಗಲಿಲ್ಲ. ಅರ್ಜಿ ಹೇಗೂ ರಾಜ್ಯದ ಸ್ಕಾಲರ್‌ಶಿಪ್ ವೆಬ್‌ಸೈಟಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲೇ ಹೋಗುತ್ತದೆ. ಯಾರದ್ದಾದರೂ ಜಾತಿ-ಆದಾಯ ಸರ್ಟಿಫಿಕೇಟಿನ ಆರ್‌ಡಿ ನಂಬರ್ ತಪ್ಪಾಗಿದ್ದರೆ, ಆಧಾರ್ ಲಿಂಕ್ ಆಗಿಲ್ಲದಿದ್ದರೆ, ಆ ಮಗುವಿನ ಮೊಬೈಲಿಗೆ ಮೆಸೇಜ್ ಹೋಗುತ್ತದೆ. ಇಷ್ಟು ಸುಲಭದ್ದು ಇಷ್ಟು ವರ್ಷ ಯಾಕೆ ಮಾಡಲಿಲ್ಲ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಒಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ನಾವಿರುವುದು ಎಂಥ ಜಿಲ್ಲೆ ಅಲ್ವಾ? 1924ರ ಡಿಸೆಂಬರಿನಲ್ಲಿ ಇದೇ ಬೆಳಗಾವಿಯ ಟಿಳಕವಾಡಿಯಲ್ಲಿ ಗಾಂಧೀಜಿ ಕಾಂಗ್ರೆಸ್ ಅಧ್ಯಕ್ಷರಾಗಿ ಕೂತು, ಅಸ್ಪೃಶ್ಯತೆ ಸ್ವರಾಜ್ಯಕ್ಕೆ ಅಡ್ಡ ಅಂತ ಹೇಳಿದರು. ಅವರು ಅಧ್ಯಕ್ಷರಾದದ್ದು ಅದೊಂದೇ ಅಧಿವೇಶನಕ್ಕೆ. ಮರುವರ್ಷ, 1925ರಲ್ಲಿ, ಅಂಬೇಡ್ಕರ್ ನಿಪ್ಪಾಣಿಗೆ ಬಂದು ಬಹಿಷ್ಕೃತರ ಸಮಾವೇಶದಲ್ಲಿ ಮಾತಾಡಿದರು. ಒಂದೇ ಜಿಲ್ಲೆ, ಕೆಲವೇ ತಿಂಗಳ ಅಂತರ. ಅಧಿವೇಶನಕ್ಕೆ ಬಂದವರಿಗೆ ನೀರು ಬೇಕು ಅಂತ ತೋಡಿದ ಕಾಂಗ್ರೆಸ್ ಬಾವಿ ಇನ್ನೂ ಇದೆ, ಪ್ರತಿ ವರ್ಷ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತೇನೆ. ತೋರಿಸಿ ವಾಪಸ್ ಬಂದು ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಯಾರು ಎಲ್ಲಿ ಕೂರುತ್ತಾರೆ ಅಂತ ನೋಡಿರಲಿಲ್ಲ.

ಡಬ್ಬಿಯ ಕಥೆ ಹೇಳುತ್ತೇನೆ. ಲೇಡೀಸ್ ರೂಮಿನಲ್ಲಿ ಹುಡುಗಿಯರು ನಾಲ್ಕೈದು ಗುಂಪಾಗಿ ಕೂರುತ್ತಾರೆ. ಊರಿನ ಪ್ರಕಾರ ಕೂತಿದ್ದಾರೆ ಅಂದುಕೊಂಡಿದ್ದೆ. ಸ್ವಲ್ಪ ದಿನ ನಾನೂ ಅಲ್ಲೇ ಡಬ್ಬಿ ತಂದು ಕೂತೆ. ಊರಿನ ಪ್ರಕಾರ ಅಲ್ಲ ಅಂತ ಎರಡೇ ದಿನಕ್ಕೆ ಗೊತ್ತಾಯಿತು. ಒಂದು ಗುಂಪಿನಲ್ಲಿ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಎಲ್ಲ ಕೈಯಿಂದ ಕೈಗೆ ಹೋಗುತ್ತದೆ. ಇನ್ನೊಂದು ಗುಂಪಿನದು ಆ ಗುಂಪಿನಲ್ಲೇ ಉಳಿಯುತ್ತದೆ. ಕಿಟಕಿಯ ಕಡೆ ಇವಳು ಮತ್ತು ಇನ್ನಿಬ್ಬರು. ಇವಳು ಊಟ ಮಾಡುವ ರೀತಿ ನೋಡಿದೆ. ಡಬ್ಬಿಯ ಮುಚ್ಚಳವನ್ನು ಪೂರ್ತಿ ತೆಗೆಯುವುದಿಲ್ಲ. ಎಡಗೈಯಲ್ಲಿ ಮುಚ್ಚಳ ಅರ್ಧ ಮುಚ್ಚಿ ಹಿಡಿದುಕೊಂಡು, ಬಲಗೈಯನ್ನು ಅದರ ಕೆಳಗೆ ತೂರಿಸಿ ತುತ್ತು ಮಾಡಿಕೊಳ್ಳುತ್ತಾಳೆ. ಒಳಗೆ ಇದ್ದದ್ದು ಅನ್ನ, ಬೇಳೆ ಸಾರು, ಅಷ್ಟೇ. ಮೊದಲ ವರ್ಷ ಒಂದು ದಿನ ಒಣಮೀನು ತಂದಿದ್ದಳಂತೆ. ಯಾರೋ ಮೂಗು ಮುಚ್ಚಿಕೊಂಡು ಹೊರಗೆ ಹೋದರಂತೆ. ಅವತ್ತಿನಿಂದ ಏನು ತಂದರೂ ಮುಚ್ಚಳ ಅರ್ಧವೇ.

ಕೂರಿಸಿಕೊಂಡು ಭಾಷಣ ಮಾಡಬಹುದಿತ್ತು. ಮಾಡಲಿಲ್ಲ. ಆ ಚಳಿಗಾಲದಲ್ಲಿ ಏಳು ದಿನದ ಎನ್ನೆಸ್ಸೆಸ್ ಕ್ಯಾಂಪ್ ಇತ್ತು, ಅದಕ್ಕೆ ಕಾದೆ. ಹಳ್ಳಿಯ ಶಾಲೆಯಲ್ಲಿ ವಾಸ. ಅಲ್ಲೂ ಹಿಂದಿನಿಂದ ಒಂದು ಪದ್ಧತಿ ಇತ್ತು: ಅಡಿಗೆ ಮಾಡುವವರು ಅವರೇ ಅವರೇ, ಚರಂಡಿ ತೆಗೆಯುವವರು ಅವರೇ ಅವರೇ. ಯಾರು ಯಾವುದಕ್ಕೆ ಅಂತ ಯಾರೂ ಹೇಳುತ್ತಿರಲಿಲ್ಲ, ತಾನಾಗಿಯೇ ಆಗುತ್ತಿತ್ತು. ಈ ಸಲ ಚೀಟಿ ಎತ್ತಿಸಿದೆ. ಅಡಿಗೆ, ಪಾತ್ರೆ, ಕಸ, ನೀರು, ಚರಂಡಿ, ಎಲ್ಲವೂ ಚೀಟಿಯಲ್ಲಿ. ಹುಡುಗರಿಗೂ ಅಡಿಗೆ ಬಂತು.

ಮೂರನೇ ದಿನ ಬುಧವಾರ. ಅಡಿಗೆ ತಂಡದಲ್ಲಿ ಅವಳ ಹೆಸರು ಬಂತು, ಜೊತೆಗೆ ಮೂರು ಹುಡುಗರು, ಇನ್ನೊಬ್ಬಳು ಹುಡುಗಿ. ಅನ್ನ, ಬದನೆಕಾಯಿ ಪಲ್ಯ, ಝುಣಕ. ದೊಡ್ಡ ಪಾತೇಲಿಯ ಮುಂದೆ ನಿಂತು ಸೌಟು ಹಿಡಿದವಳು ಅವಳೇ, ಏಕೆಂದರೆ ಉಳಿದ ನಾಲ್ವರಿಗೆ ನಲವತ್ತು ಜನರ ಅಂದಾಜು ಬರಲಿಲ್ಲ. ಊಟಕ್ಕೆ ಕರೆದಾಗ ಐದು ಜನ ಹುಡುಗಿಯರು ರೂಮಿನಿಂದ ಹೊರಗೆ ಬರಲಿಲ್ಲ. ಹೋಗಿ ಕೇಳಿದೆ.

"ಇವತ್ತ ಉಪಾಸ ಐತ್ರಿ ಮೇಡಂ."

ಬುಧವಾರ. ಸಂಕಷ್ಟಿಯೂ ಅಲ್ಲ, ಏಕಾದಶಿಯೂ ಅಲ್ಲ. ಐವರಿಗೂ ಒಂದೇ ದಿನ ಉಪವಾಸ. ಬೆಳಿಗ್ಗೆ ಉಪ್ಪಿಟ್ಟು ತಿಂದಿದ್ದರು, ನಾನೇ ಬಡಿಸಿದ್ದೆ.

ನನಗೆ ಸಿಟ್ಟು ಬಂತು, ಅಳುವೂ ಬಂತು. ಬಯ್ದರೆ ಬಂದು ಊಟ ಮಾಡುತ್ತಿದ್ದರು, ನನಗೆ ಹೆದರಿ. ಆ ಊಟ ಅವಳಿಗೆ ಇನ್ನೂ ದೊಡ್ಡ ಅವಮಾನ ಆಗುತ್ತಿತ್ತು ಅಂತ ಅನ್ನಿಸಿತು. ಸುಮ್ಮನೆ ಹೊರಗೆ ಬಂದು ಮೊದಲ ಸಾಲಿನಲ್ಲಿ ಕೂತೆ. ಅವಳು ಬಂದು ಬಡಿಸಿದಳು. ಒಳಗೆ ಎಷ್ಟು ಜನ ಉಳಿದಿದ್ದಾರೆ ಅಂತ ಅವಳಿಗೂ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ನಲವತ್ತು ಜನರ ಅಂದಾಜಿನಲ್ಲಿ ಮಾಡಿದ ಝುಣಕ ಪಾತೇಲಿಯಲ್ಲಿ ಉಳಿಯುತ್ತದಲ್ಲ, ಅದನ್ನು ನೋಡುವುದೇ ಕಷ್ಟ. "ಜರಾ ಹಾಕಲೇನ್ರಿ ಮೇಡಂ?" ಅಂತ ಕೇಳಿದಳು. ಮೂರು ಸಲ ಹಾಕಿಸಿಕೊಂಡೆ.

ಚೀಟಿ ಮಾತ್ರ ನಿಲ್ಲಿಸಲಿಲ್ಲ. ಮರುದಿನ ಆ ಐವರಲ್ಲಿ ಇಬ್ಬರ ಚೀಟಿ ಅವಳ ಜೊತೆಗೇ ಬಂತು, ನೀರು ತರುವ ಕೆಲಸಕ್ಕೆ. ಕೊಡ ಎತ್ತಿ ಎತ್ತಿ ಮೂವರ ಸೊಂಟವೂ ನೊಂದಿತು. ಐದನೇ ದಿನ ಅವಳ ತಂಡದ ಅಡಿಗೆ ಮತ್ತೆ ಬಂದಾಗ ಮೂವರು ಬಂದು ಕೂತರು. ಇಬ್ಬರು ಕೊನೆಯವರೆಗೂ ಬರಲಿಲ್ಲ. ಅದರಲ್ಲಿ ಒಬ್ಬಳು ನನ್ನ ಕ್ಲಾಸಿನ ಜಾಣ ಹುಡುಗಿ, ಸಮಾನತೆಯ ಮೇಲೆ ಪ್ರಬಂಧ ಬರೆದು ಬಹುಮಾನ ತೆಗೆದುಕೊಂಡವಳು. ಅವಳ ಜೊತೆ ಆಮೇಲೆ ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿದೆ. "ಮನ್ಯಾಗ ಗೊತ್ತಾದ್ರ ಕಾಲೇಜ್ ಬಿಡಸ್ತಾರ್ರಿ" ಅಂದಳು. ಅವಳ ಹೆದರಿಕೆಯೂ ಸುಳ್ಳಲ್ಲ. ಆದರೆ ಆ ಹೆದರಿಕೆಯ ಬೆಲೆಯನ್ನು ಪಾತೇಲಿಯ ಮುಂದೆ ನಿಂತವಳು ಕಟ್ಟಬೇಕಾಗಿ ಬರುತ್ತದೆ ಅಂತ ಅವಳಿಗೆ ಹೇಳಿದೆ. ಮಾತು ಅಲ್ಲಿಗೇ ನಿಂತಿದೆ, ಇನ್ನೂ ಮುಗಿದಿಲ್ಲ.

ಭಾಷೆಯ ಜಗಳ ನಮ್ಮಲ್ಲಿ ಅಷ್ಟಿಲ್ಲ, ಇದ್ದರೂ ನವೆಂಬರ್ ಒಂದರ ಸುತ್ತ ನಾಲ್ಕು ದಿನ. ಮರಾಠಿ ಮೀಡಿಯಂನಿಂದ ಬಂದ ಮಕ್ಕಳ ಕನ್ನಡ ಕೇಳಿ ನಗುವುದನ್ನು ಮಾತ್ರ ನನ್ನ ಕ್ಲಾಸಿನಲ್ಲಿ ಬಿಡುವುದಿಲ್ಲ. ತಪ್ಪು ತಪ್ಪಾಗಿ ಮಾತಾಡಲು ಧೈರ್ಯ ಬಂದರೇನೇ ಭಾಷೆ ಬರುವುದು.

ಆಮೇಲೆ ವಿಜಯಪುರ ಟ್ರಿಪ್. ನಸುಕಿನ ನಾಲ್ಕಕ್ಕೆ ಹೊರಟಿದ್ದೆವು. ಗೋಳಗುಮ್ಮಟದ ಮುಂದಿನ ಹುಲ್ಲುಹಾಸಿನಲ್ಲಿ ಒಂದು ಕುಟುಂಬ ಅವಳ ಹತ್ತಿರ ಬಂದು ಇಂಗ್ಲಿಷಿನಲ್ಲಿ ಸೆಲ್ಫಿ ಕೇಳಿತು. ಅವಳು "ನಾ ಖಾನಾಪುರದಾಕಿ ರೀ" ಅಂದಳು. ಅವರು ನಕ್ಕು, ಆದರೂ ತೆಗೆದುಕೊಂಡರು. ಇದು ಅವಳಿಗೆ ಹೊಸದಲ್ಲ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ ಫ್ರೀ ಆದ ಮೇಲೆ ಕರ್ನಾಟಕದವರು ಅಂತ ಆಧಾರ್‌ನಂಥ ಕಾರ್ಡ್ ತೋರಿಸಬೇಕು. ದಿನಾ ಬರುವ ಬಸ್ಸಿನಲ್ಲಿ ಮುಖ ಗುರುತಿದ್ದವರನ್ನು ಯಾರೂ ಕೇಳುವುದಿಲ್ಲ. ಇವಳ ಮುಖ ಎಲ್ಲರಿಗಿಂತ ಬೇಗ ಗುರುತು ಹತ್ತುವಂಥದ್ದು. ಆದರೂ ದಿನಾ ಇವಳನ್ನೇ ಕೇಳುವುದು, ಕಾರ್ಡ್ ಕೈಗೆ ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡುವುದು. ಅದಕ್ಕೇ ಬಸ್ ಹತ್ತುವ ಮುಂಚೆಯೇ ಕಾರ್ಡನ್ನು ಕೈಯಲ್ಲಿ ಹಿಡಿದಿರುತ್ತಾಳೆ.

ಆ ಹುಲ್ಲುಹಾಸಿನಲ್ಲೇ ಕೂತು ನಾನು ಅವರೆಲ್ಲರಿಗೂ ಒಂದು ಕಥೆ ಹೇಳಿದೆ. ಈ ಗುಮ್ಮಟದೊಳಗೆ ಮಲಗಿರುವವನು ಮುಹಮ್ಮದ್ ಆದಿಲ್ ಶಾಹ, ತೀರಿಕೊಂಡದ್ದು 1656ರಲ್ಲಿ. ಅವನ ಆಸ್ಥಾನದಲ್ಲಿ ಎಲ್ಲರಿಗಿಂತ ದೊಡ್ಡ ಅಧಿಕಾರ ಇದ್ದದ್ದು ಇಖ್ಲಾಸ್ ಖಾನ್ ಅನ್ನುವವನಿಗೆ. ಅವನು ಹಬಶಿ, ಅಂದರೆ ಆಫ್ರಿಕಾ ಮೂಲದವನು. ಬಿಜಾಪುರದ ಚಿತ್ರಕಾರರು ಬರೆದ ಅವನ ಚಿತ್ರಗಳು ಇವತ್ತಿಗೂ ಇವೆ, ಕಪ್ಪು ಮುಖ, ಜರತಾರಿ ಬಟ್ಟೆ. ಅವನಿಗಿಂತ ಮೊದಲು ಮಲಿಕ್ ಅಂಬರ್. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ ದಖ್ಖನ್‌ಗೆ ಬಂದು, ಅಹ್ಮದನಗರದ ಪ್ರಧಾನಿಯಾಗಿ, 1626ರಲ್ಲಿ ಸಾಯುವವರೆಗೂ ಮೊಘಲರಿಗೆ ಬಗ್ಗದವನು. ಮಕ್ಕಳು ಬಾಯಿ ತೆರೆದು ಕೇಳಿದರು. ಅವಳು ಕೇಳಿದ್ದು ಒಂದೇ: "ಇದು ನಮ್ಮ ಪುಸ್ತಕದಾಗ ಯಾಕ ಇಲ್ರಿ?"

ಮೇಲಿನ ಪಿಸುಗುಟ್ಟುವ ಗ್ಯಾಲರಿಗೆ ಹೋದಾಗ ಎಲ್ಲ ಮಕ್ಕಳೂ ಏನೇನೋ ಕೂಗಿದರು. ಅವಳು ಕೈಗಳನ್ನು ಬಾಯಿ ಸುತ್ತ ಹಿಡಿದು ತನ್ನ ಹೆಸರು ಕೂಗಿದಳು. ಬರೀ ಹೆಸರು. ಗುಮ್ಮಟ ಅದನ್ನು ಮತ್ತೆ ಮತ್ತೆ ಹೇಳಿತು.

ಈಗ ಅವಳು ಫೈನಲ್ ಇಯರ್. ಈ ವರ್ಷದ ಗ್ಯಾದರಿಂಗಿನ ಲೆಕ್ಕ ಅವಳ ಕೈಯಲ್ಲಿತ್ತು. ಮಕ್ಕಳೇ ಓಟು ಹಾಕಿ ಖಜಾಂಚಿ ಮಾಡಿದ್ದು, ನಾವು ನಡುವೆ ಬರಲಿಲ್ಲ. ಪೆಂಡಾಲಿನವರ ಬಿಲ್ಲಿನಲ್ಲಿ 40 ಕುರ್ಚಿ ಜಾಸ್ತಿ ಬರೆದಿದ್ದನ್ನು ಹಿಡಿದು ಕಡಿಮೆ ಮಾಡಿಸಿದಳು. ಡಮಾಮ್ ಕುಣಿತ ಇರಲಿಲ್ಲ. "ಅದು ನಮ್ಮೂರ ಹಬ್ಬದಾಗ ಮಾಡೋದ್ರಿ, ಬರ್ರಿ ನೀವ ಅಲ್ಲಿಗೆ" ಅಂದಳು. ನಾವು ಏಳು ಜನ ಹೋಗಿದ್ದೆವು. ಅಲ್ಲಿ ಡಮಾಮ್ ಬಡಿದವಳು ಅವಳ ಅಜ್ಜಿ. ಹಿಂದೆ ನಮ್ಮ ಗ್ಯಾದರಿಂಗಿನಲ್ಲಿ ಕುಣಿಸುವಾಗ ಸೊಂಟಕ್ಕೆ ಎಲೆ ಕಟ್ಟಿಸಿದ್ದೆವು, ಅಲ್ಲಿ ಯಾರೂ ಎಲೆ ಕಟ್ಟಿಕೊಂಡಿರಲಿಲ್ಲ. ಅಜ್ಜಿ ಉಟ್ಟಿದ್ದು ಇಳಕಲ್ ಸೀರೆ.

ಫ್ಲೆಕ್ಸ್ ಹೋಯಿತು. ಹಳೆಯ ಪ್ರಾಸ್ಪೆಕ್ಟಸ್‌ನಲ್ಲಿ ಆ ಫೋಟೋ ಇನ್ನೂ ಇದೆ, ಇನ್ನೂರು ಪ್ರತಿ ಉಳಿದಿವೆ, ಈ ಜೂನ್‌ನಲ್ಲೂ ಅದನ್ನೇ ಹಂಚಿದೆವು. ಅದು ನನಗೆ ಸಮಾಧಾನ ಇಲ್ಲ. ಮುಂದಿನ ವರ್ಷ ಹೊಸದು ಅಚ್ಚಾಗುತ್ತದೆ ಅಂತ ಪ್ರಿನ್ಸಿಪಾಲರು ಹೇಳಿದ್ದಾರೆ.

ಮೊನ್ನೆ ಅಡ್ಮಿಷನ್ ನಡೆಯುವಾಗ ಫಾರ್ಮ್ ತುಂಬಿಸಲು ಅವಳೂ ಆಫೀಸಿನಲ್ಲಿ ಕೂತಿದ್ದಳು. ಅವರ ಕಡೆಯ ಒಬ್ಬ ಹುಡುಗ ಅಪ್ಪನ ಜೊತೆ ಬಂದ. ಸಣ್ಣ ಹುಡುಗ, ತೆಳ್ಳಗೆ, ಎಲ್ಲ ಕಾಗದ ಒಂದು ಪ್ಲಾಸ್ಟಿಕ್ ಕವರಿನಲ್ಲಿ. ಹೊಸದಾಗಿ ಬಂದ ಕ್ಲರ್ಕ್ ಅವನ ಮುಖ ನೋಡಿ, ಒಳ್ಳೆಯ ಮನಸ್ಸಿನಿಂದಲೇ, "ಸ್ಪೋರ್ಟ್ಸ್ ಕೋಟಾ ಏನಪಾ?" ಅಂದರು.

ಹುಡುಗ ಅಪ್ಪನ ಮುಖ ನೋಡಿದ. ಅಪ್ಪ ಏನೂ ಅನ್ನಲಿಲ್ಲ.

ಅವಳು ಪೆನ್ನು ಕೆಳಗಿಡದೆ ಹೇಳಿದಳು: "ಸರ್, ಮೊದಲ ಅವನ ಹೆಸರ ಕೇಳ್ರಿ. ಆಮ್ಯಾಲ ಏನ್ ಓದ್ತಾನಂತ ಕೇಳ್ರಿ." ಆಮೇಲೆ ಅವನ ಕಡೆ ತಿರುಗಿ ಪಕ್ಕದ ಕುರ್ಚಿ ಎಳೆದಳು. "ಬಾ ಇಲ್ಲೆ ಕೂಡು. ಆರ್‌ಡಿ ನಂಬರ್ ತಂದೀ?"

ಹುಡುಗ ಕವರಿನಿಂದ ಕಾಗದ ಹೊರಗೆ ತೆಗೆದ. ಬಿ.ಎ. ಮಾಡುತ್ತೇನೆ, ಹಿಸ್ಟರಿ ಬೇಕು ಅಂದ.